ರಂಪಣಿ ಹಗ್ಗ ಮತ್ತು ಹದಿನೈದು ನಿಮಿಷದ ಕ್ಯಾಸೆಟ್

2003ರ ಜುಲೈ. ನಾನಾಗ ಬೈಂದೂರು ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿ. ಹುಟ್ಟಿದ್ದು ಬ್ರಹ್ಮಾವರದ ಹತ್ತಿರದ ಬೇಸಾಯದ ಮನೆಯಲ್ಲಿ. ಕರಾವಳಿಯವನೇ ಆದರೂ ಕಡಲಿಗೂ ನನಗೂ ಇದ್ದ ನಂಟು ಭಾನುವಾರ ಸಂಜೆ ಮರಳಲ್ಲಿ ಕೂತು ನೆಲಗಡಲೆ ತಿನ್ನುವಷ್ಟರದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನಾನು ಮಾಡಿದ ತಪ್ಪಿನ ಬೇರು ಅಲ್ಲೇ ಇದೆ.

ಮಳೆಗಾಲದಲ್ಲಿ ಸುಮಾರು ಎರಡು ತಿಂಗಳು ಇಂಜಿನ್ ದೋಣಿಗಳು ಕಡಲಿಗಿಳಿಯುವಂತಿಲ್ಲ. ವರ್ಷವಿಡೀ ಮುಂದೂಡಿದ ಕಾಯಿಲೆಗಳನ್ನೆಲ್ಲ ಮೀನುಗಾರರು ಆಗ ಆಸ್ಪತ್ರೆಗೆ ಹೊತ್ತು ತರುತ್ತಾರೆ. ಉಪ್ಪುಂದದ ಶೀನ ಮೊಗವೀರ ಬಂದದ್ದೂ ಹಾಗೆಯೇ. ನಲವತ್ತೆರಡರ ಗಟ್ಟಿ ಆಳು. ದೊಡ್ಡ ದೋಣಿಯೊಂದರ ತಂಡೇಲ, ಅಂದರೆ ದೋಣಿಯ ಮುಖ್ಯಸ್ಥ. ನೀರಿನ ಬಣ್ಣ ನೋಡಿ ಮೀನಿನ ಹಿಂಡು ಎಲ್ಲಿದೆಯೆಂದು ಹೇಳುವವನು, ಇಪ್ಪತ್ತೈದು ಆಳುಗಳನ್ನು ಜೋಪಾನವಾಗಿ ದಡಕ್ಕೆ ತರುವವನು. ಬಲಗಾಲಿಗೆ ಚಪ್ಪಲಿ ಇತ್ತು, ಎಡಗಾಲಿಗೆ ಬಟ್ಟೆ ಸುತ್ತಿತ್ತು. ಬಿಚ್ಚಿದಾಗ ಹೆಬ್ಬೆರಳು ತುದಿಯಿಂದ ಅರ್ಧದವರೆಗೆ ಕಪ್ಪಾಗಿತ್ತು. ಪಾದದ ನಾಡಿ ಕೈಗೆ ಸಿಗಲಿಲ್ಲ. ನೂರು ಹೆಜ್ಜೆ ನಡೆಯುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡು ನಿಲ್ಲಬೇಕಾಗುತ್ತದೆ ಎಂದ. ದಿನಕ್ಕೆ ಎರಡು ಕಟ್ಟು ಬೀಡಿ, ಹದಿನಾರನೆಯ ವಯಸ್ಸಿನಿಂದ.

ಇದಕ್ಕೆ ಬರ್ಗರ್ ಕಾಯಿಲೆ ಎಂದು ಹೆಸರು. ಹೊಗೆಸೊಪ್ಪಿನ ದೆಸೆಯಿಂದ ಕೈಕಾಲಿನ ಸಣ್ಣ ರಕ್ತನಾಳಗಳು ಉರಿಯೂತದಿಂದ ಮುಚ್ಚಿಹೋಗುತ್ತವೆ. ಔಷಧಿಗಳಿವೆ, ಆದರೆ ನಿಜವಾದ ಔಷಧಿ ಒಂದೇ: ಹೊಗೆಸೊಪ್ಪು ಪೂರ್ತಿ ಬಿಡುವುದು. ಕಡಿಮೆ ಮಾಡುತ್ತೇನೆ ಎನ್ನುವುದು ಇಲ್ಲಿ ನಡೆಯುವುದಿಲ್ಲ. ದಿನಕ್ಕೊಂದು ಬೀಡಿಯೂ ಸಾಕು ಕಾಲನ್ನು ತಿನ್ನಲು. ನಾನು ಅವನನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಅಲ್ಲಿಯ ಸರ್ಜನ್ ಬರೆದ ಪತ್ರ ಚುಟುಕಾಗಿತ್ತು. ಹೆಬ್ಬೆರಳು ಉಳಿಯುವುದಿಲ್ಲ, ತೆಗೆಯಬೇಕು. ಬೀಡಿ ಮುಂದುವರಿದರೆ ಆರು ತಿಂಗಳೊಳಗೆ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆಯಬೇಕಾದೀತು.

ನಾನು ಅದನ್ನು ಓದಿ ಹೇಳಿದಾಗ ಶೀನ ಎಡಗಾಲಿಗೆ ಮತ್ತೆ ಬಟ್ಟೆ ಸುತ್ತಿಕೊಂಡ. ಆಮೇಲೆ ಹೇಳಿದ: "ಒಂದ್ ಕಾಲಗೆ ದೋಣಿ ಮೇಲ್ ನಿಲ್ಲುಕಾತಿಲ್ಲೆ ಡಾಕ್ಟ್ರೇ. ಕಡ್ಲಿಗ್ ಹೋಪುಕಾತಿಲ್ಲೆ ಅಂದ್ರೆ ನಾನ್ ಎಂತಕ್ ಇಪ್ಪುದ್?"

ಬಿಡಲು ಅವನು ಪ್ರಯತ್ನಿಸಿರಲಿಲ್ಲ ಎಂದಲ್ಲ. ಮೂರು ಸಲ ದೇವರ ಮೇಲೆ ಆಣೆ ಹಾಕಿದ್ದ. ಮೂರು ಸಲವೂ ಮುರಿದು, ತಪ್ಪು ಕಾಣಿಕೆ ಹಾಕಿ ಬಂದಿದ್ದ. ಆಣೆಯ ಒಂದು ಕಷ್ಟವೇನೆಂದರೆ, ಒಂದು ಬೀಡಿ ಸೇದಿದರೂ ಅದು ಪೂರ್ತಿ ಮುರಿದ ಹಾಗೆ. ಹೇಗೂ ಮುರಿಯಿತಲ್ಲ ಎಂದು ಆ ದಿನ ಕಟ್ಟುಗಟ್ಟಲೆ ಸೇದುತ್ತಿದ್ದ. ಈಗ ಅವನಿಗೆ ಕಾಲಿನ ಭಯದ ಜೊತೆ ದೇವರ ಭಯವೂ ಸೇರಿಕೊಂಡಿತ್ತು, ಆ ಎರಡು ಭಯ ತಡೆಯಲಾರದೆ ಇನ್ನೊಂದು ಬೀಡಿ ಬೇಕಾಗುತ್ತಿತ್ತು.

ಇಲ್ಲಿ ನನ್ನ ಕಥೆಯನ್ನೂ ಸ್ವಲ್ಪ ಹೇಳಬೇಕು. ಮೆಡಿಕಲ್ ಕಾಲೇಜಿನಲ್ಲಿ ಕಲಿತ ಸಿಗರೇಟು ನನಗೆ ಸುಮಾರು ಮೂವತ್ತು ವರ್ಷ ಅಂಟಿಕೊಂಡಿತ್ತು. ರೋಗಿಗಳಿಗೆ ಸೇದಬೇಡಿ ಎಂದು ಬುದ್ಧಿ ಹೇಳಿ, ಹಿಂದಿನ ಬಾಗಿಲಿಂದ ಹೊರಗೆ ಹೋಗಿ ಒಂದು ಹಚ್ಚುತ್ತಿದ್ದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಶೀನ ಬರುವ ಎರಡು ವರ್ಷ ಮೊದಲು ಒಂದು ತರಬೇತಿಯಲ್ಲಿ ಹಿರಿಯ ಮನೋವೈದ್ಯರೊಬ್ಬರಿಂದ ಸ್ವಸಂಮೋಹನ ಕಲಿತು ಅದರಿಂದಲೇ ಬಿಟ್ಟಿದ್ದೆ. ಇದು ವೇದಿಕೆಯ ಮೇಲೆ ಜನರನ್ನು ಕುಣಿಸುವ ಜಾದೂ ಅಲ್ಲ. ಉಸಿರನ್ನು ನಿಧಾನ ಮಾಡಿ, ಮೈ ಸಡಿಲಿಸಿ, ನೆಮ್ಮದಿಯ ಒಂದು ಜಾಗವನ್ನು ಮನಸ್ಸಿನಲ್ಲಿ ಕಟ್ಟಿಕೊಂಡು, ಆ ಸ್ಥಿತಿಯಲ್ಲಿ ನಮಗೆ ನಾವೇ ಕೆಲವು ಸೂಚನೆ ಕೊಟ್ಟುಕೊಳ್ಳುವುದು. ಪ್ರಜ್ಞೆ ತಪ್ಪುವುದಿಲ್ಲ, ಬೇಕೆಂದಾಗ ಎದ್ದು ಬರಬಹುದು. ನನ್ನ ನೆಮ್ಮದಿಯ ಜಾಗ ಕಡಲು. ಅದನ್ನೇ ಹಿಡಿದು ಹದಿನೈದು ನಿಮಿಷದ ಕ್ಯಾಸೆಟ್ ಒಂದನ್ನು ನನ್ನದೇ ಸ್ವರದಲ್ಲಿ ಮಾಡಿಟ್ಟುಕೊಂಡಿದ್ದೆ.

ಶೀನನಿಗೆ ಅದೇ ಕ್ಯಾಸೆಟ್ ಕೊಟ್ಟೆ. ಜೊತೆಗೆ ಬಂದಿದ್ದ ಹೆಂಡತಿ ಗುಲಾಬಿಗೆ ಇದು ಸರಿಬರಲಿಲ್ಲ. ಸಂಮೋಹನ ಅಂದರೆ ವಶೀಕರಣವೋ ಎಂದು ಕೇಳಿದಳು. ಗಂಡನ ಬಾಯಿಂದ ಮನೆಯ ಗುಟ್ಟೆಲ್ಲ ಹೊರಬಂದರೆ ಯಾರು ಜವಾಬ್ದಾರಿ ಎಂದೂ ಕೇಳಿದಳು. ಕ್ಯಾಸೆಟ್ ಮಾತಾಡುತ್ತದೆಯೇ ಹೊರತು ಕೇಳಿಸಿಕೊಳ್ಳುವುದಿಲ್ಲ ಎಂದು ಸಮಾಧಾನ ಮಾಡಿದೆ. ದಿನಕ್ಕೆರಡು ಸಲ ಕೇಳಬೇಕು, ಮನೆಯಲ್ಲಿ ಹೊಗೆಸೊಪ್ಪಿನ ವಾಸನೆಯೂ ಇರಕೂಡದು ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಆಗ ಗೊತ್ತಾಯಿತು, ಗುಲಾಬಿ ಬೀಡಿ ಕಟ್ಟುವವಳು. ಹಗಲಿಡೀ ಮಡಿಲಲ್ಲಿ ಮೊರ ಇಟ್ಟುಕೊಂಡು, ಎಲೆ ಕತ್ತರಿಸಿ, ಸೊಪ್ಪು ತುಂಬಿ ಸುತ್ತುವುದು ಅವಳ ಕೆಲಸ. ದೋಣಿ ದಡದಲ್ಲಿರುವ ತಿಂಗಳುಗಳಲ್ಲಿ ಆ ಮನೆಯ ಗಂಜಿ ಬೇಯುತ್ತಿದ್ದುದು ಅದರಿಂದಲೇ.

ನಾನು ಯೋಚಿಸದೆ, ಹಾಗಾದರೆ ಸ್ವಲ್ಪ ದಿನ ಕಟ್ಟುವುದನ್ನು ನಿಲ್ಲಿಸಿ ಎಂದುಬಿಟ್ಟೆ. ಅವಳು ಸಿಟ್ಟು ಮಾಡಲಿಲ್ಲ. "ಇವ್ರ್ ಬಾಯಿಂದ ಬೀಡಿ ತೆಗೀರಿ ಡಾಕ್ಟ್ರೇ, ಬ್ಯಾಡ ಅಂಬುದಿಲ್ಲೆ. ನನ್ ಕೈಯಿಂದ ತೆಗೆದ್ರೆ ಮಳಿಗಾಲ್ದಗೆ ನಾವ್ ಎಂತ ತಿಂಬುದ್?" ಎಂದಳು. ತಿಂಗಳ ಸಂಬಳದ ಮನುಷ್ಯ ನಾನು, ಆ ಮಾತನ್ನು ಅಲ್ಲಿಗೇ ಬಿಟ್ಟೆ.

ಒಂದು ವಾರ ಬಿಟ್ಟು ಶೀನ ಬಂದ. ಬೀಡಿ ಕಡಿಮೆಯಾಗುವುದಿರಲಿ, ಹೆಚ್ಚಾಗಿತ್ತು. ಕ್ಯಾಸೆಟ್ ಕೇಳಿದಿರಾ ಎಂದೆ. ದಿನಾ ಎರಡು ಸಲ ಕೇಳಿದ್ದ, ಕೇಳಿದ ಕೂಡಲೇ ಬೀಡಿ ಹಚ್ಚುವಂತಾಗುತ್ತಿತ್ತಂತೆ. ನನಗೆ ತಲೆಬುಡ ತಿಳಿಯಲಿಲ್ಲ. ಕೊನೆಗೆ ಅವನೇ ಸಂಕೋಚದಿಂದ ಬಾಯಿಬಿಟ್ಟ.

"ಬೇಜಾರ್ ಮಾಡ್ಕಂಬೇಡಿ ಡಾಕ್ಟ್ರೇ. ಇಂಜಿನ್ ಬಂದ್ ಆಯಿ ದೋಣಿ ಸುಮ್ನೆ ತೇಲ್ತಾ ಇತ್ತಂದ್ರೆ ತಂಡೇಲಂಗ್ ನಿದ್ರಿ ಬತ್ತಾ? ನೀವ್ ಕಣ್ ಮುಚ್ಚಿ ಅಂಬುದೂ, ನಾನ್ ಆಳ್ಗಳ್ ತಲೆ ಎಣ್ಸುಕ್ ಶುರು ಮಾಡ್ತೆ."

ಕ್ಯಾಸೆಟ್ಟಿನಲ್ಲಿ ನಾನು ಹೇಳಿದ್ದು ಹೀಗಿತ್ತು: ನೀವು ವಿಶಾಲವಾದ ಕಡಲಿನ ಮೇಲೆ, ಒಂದು ದೋಣಿಯಲ್ಲಿ ಮಲಗಿದ್ದೀರಿ, ಯಾವ ಸದ್ದೂ ಇಲ್ಲ, ಅಲೆಗಳು ನಿಮ್ಮನ್ನು ಎಲ್ಲಿಗೋ ಒಯ್ಯುತ್ತಿವೆ. ನೆಲಗಡಲೆ ತಿನ್ನುವವನ ಕಡಲು ಅದು. ಇಪ್ಪತ್ತೈದು ಜೀವಗಳ ಹೊಣೆ ಹೊತ್ತವನಿಗೆ ಅದಕ್ಕಿಂತ ಕೆಟ್ಟ ಗಳಿಗೆ ಇನ್ನೊಂದಿಲ್ಲ. ದಿನಕ್ಕೆರಡು ಬಾರಿ ನಾನು ಆ ಮನುಷ್ಯನನ್ನು ಇಂಜಿನ್ ಕೆಟ್ಟ ದೋಣಿಯಲ್ಲಿ ನಡುಗಡಲಿಗೆ ಅಟ್ಟುತ್ತಿದ್ದೆ! ನನಗೆ ನಗು ಬಂತು, ನಗು ಮುಗಿಯುವ ಮೊದಲೇ ನಾಚಿಕೆಯೂ ಬಂತು.

ಆ ದಿನ ಹೊರರೋಗಿಗಳ ಸಾಲು ಕರಗಿದ ಮೇಲೆ ಅವನನ್ನು ಮತ್ತೆ ಕೂರಿಸಿಕೊಂಡೆ. ನಿಮ್ಮ ಮನಸ್ಸು ತಣ್ಣಗಿದ್ದದ್ದು ಎಲ್ಲಿ, ಯಾವಾಗ ಎಂದು ಕೇಳಿದೆ. "ದಡದಗೆ ಡಾಕ್ಟ್ರೇ. ರಂಪಣಿ ಎಳುವತಿಗೆ" ಎಂದ.

ರಂಪಣಿ ಎಂದರೆ ದಡದಿಂದಲೇ ಎಳೆಯುವ ಭಾರಿ ಬಲೆ. ದೋಣಿಯಲ್ಲಿ ಒಯ್ದು ಕಡಲಿನಲ್ಲಿ ಅರ್ಧಚಂದ್ರಾಕಾರಕ್ಕೆ ಹಾಸಿ, ಎರಡು ತುದಿಯ ಹಗ್ಗಗಳನ್ನು ದಡಕ್ಕೆ ತಂದರೆ, ಕೇರಿಗೆ ಕೇರಿಯೇ ಎರಡು ಸಾಲಾಗಿ ನಿಂತು ಹಿಂದಕ್ಕೆ ಹೆಜ್ಜೆಯಿಡುತ್ತ ಎಳೆಯುತ್ತಿತ್ತು. ಇಂಜಿನ್ ದೋಣಿ ಬಂದ ಮೇಲೆ ಅದು ಹೆಚ್ಚುಕಡಿಮೆ ನಿಂತೇಹೋಯಿತು. ಚಿಕ್ಕಂದಿನಲ್ಲಿ ಶೀನ ಅಪ್ಪನ ಹಿಂದೆ ನಿಂತು ಆ ಹಗ್ಗ ಹಿಡಿದಿದ್ದ. ಅದನ್ನು ಹೇಳುತ್ತ ಹೇಳುತ್ತ ಅವನ ಭುಜ ಇಳಿಯಿತು, ಉಸಿರು ನಿಧಾನವಾಯಿತು. ಬಿಸಿಲಿಗೆ ಕಾದ ಮರಳಿನಲ್ಲಿ ಹಿಮ್ಮಡಿ ಹೂತುಹೋಗುತ್ತಿತ್ತಂತೆ, ಕಾಲು ಬೆಚ್ಚಗಾಗುತ್ತಿತ್ತಂತೆ. ನಾನು ಕಲಿಸಬೇಕೆಂದಿದ್ದ ಸ್ಥಿತಿಗೆ ಆ ಮನುಷ್ಯ ತಾನಾಗಿಯೇ ಹೋಗಿ ಕೂತಿದ್ದ. ಮತ್ತೊಂದು ಸಂಗತಿಯೂ ಹೊಳೆಯಿತು. ಹಗ್ಗ ಎಳೆಯುವವನಿಗೆ ಬೀಡಿ ಹಚ್ಚಲು ಕೈ ಎಲ್ಲಿದೆ?

ನನ್ನ ಗ್ರಾಂಥಿಕ ಕನ್ನಡವನ್ನು ಬದಿಗಿಟ್ಟು, ಅವನ ಮಾತಿನಲ್ಲೇ ಸೂಚನೆಗಳನ್ನು ಕಟ್ಟಿದೆವು. ಬೀಡಿ ಎಂಬ ಶಬ್ದವೇ ಬರಬಾರದೆಂದು ಹೇಳಿದೆ. ಬೇಡ ಬೇಡ ಎಂದರೂ ಮನಸ್ಸಿಗೆ ಕಾಣುವುದು ಬೀಡಿಯೇ. "ಕೈ ಎರಡೂ ಹಗ್ಗದ್ ಮೇಲ್ ಇತ್ತ್. ಕಾಲ್ ಬೆಚ್ಚಗಿತ್ತ್. ಒಂದ್ ಹೆಜ್ಜಿ ಹಿಂದೆ." ಕುಂದಾಪ್ರ ಕನ್ನಡದಲ್ಲಿ ಇತ್ತ್ ಎಂದರೆ ಇದೆ ಎಂದೇ ಅರ್ಥ. ಉಸಿರು ಒಳಗೆಳೆದಾಗ ಹಗ್ಗ, ಬಿಟ್ಟಾಗ ಹೆಜ್ಜೆ. ಹೀಗೆ ಐವತ್ತು ಹೆಜ್ಜೆ. ಅದನ್ನು ಮನೆಯಲ್ಲಿ ಅವನದೇ ಸ್ವರದಲ್ಲಿ ಅದೇ ಕ್ಯಾಸೆಟ್ಟಿನ ಮೇಲೆ ರೆಕಾರ್ಡ್ ಮಾಡಿಕೊಳ್ಳಲು ಹೇಳಿದೆ. ಡಾಕ್ಟರ ಸ್ವರ ಅಳಿಸಿಹೋಗುತ್ತದಲ್ಲ ಎಂದು ಅವನಿಗೆ ಪಾಪ ಅನ್ನಿಸಿತು. ಹೋಗಲಿ ಬಿಡಿ, ಆ ಸ್ವರ ಮಾಡಿದ ಉಪಕಾರ ಸಾಕು ಎಂದೆ.

ಆ ಬಳಿಕ ಹೆಬ್ಬೆರಳು ತೆಗೆದರು. ಆಸ್ಪತ್ರೆಯ ಹಾಸಿಗೆಯಲ್ಲೂ ಕಣ್ಣು ಮುಚ್ಚಿ ಹಗ್ಗ ಎಳೆದನಂತೆ. ಮನೆಗೆ ಬಂದ ಮೇಲೂ ಬೀಡಿ ಮುಟ್ಟಲಿಲ್ಲ. ಇಪ್ಪತ್ತು ದಿನ ಆಯಿತು. ಆಗಸ್ಟಿನಲ್ಲಿ ನಿಷೇಧದ ಅವಧಿ ಮುಗಿದು ದೋಣಿಗಳು ಕಡಲಿಗಿಳಿಯುವ ದಿನ, ತನ್ನ ದೋಣಿ ಬೇರೊಬ್ಬನ ಕೈಯಲ್ಲಿ ಹೊರಡುವುದನ್ನು ನೋಡುತ್ತ ದಡದಲ್ಲಿ ನಿಂತಿದ್ದ. ಪಕ್ಕದವನು ಅಭ್ಯಾಸಬಲದಿಂದ ಬೀಡಿ ಚಾಚಿದ. ಇವನು ಸೇದಿದ.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ಬಾಗಿಲು ತೆರೆಯುವ ಮೊದಲೇ ಜಗಲಿಯಲ್ಲಿ ಕೂತಿದ್ದ. ಮುಖ ಬಾಡಿತ್ತು. "ಒಂದ್ ಎಳ್ದೆ ಡಾಕ್ಟ್ರೇ. ಇದ್ಕ್ ತಪ್ಪು ಕಾಣ್ಕಿ ಎಂತ?" ಎಂದ.

ಆಣೆಯ ಲೆಕ್ಕಾಚಾರ ಮತ್ತೆ ಶುರುವಾದರೆ ಸಂಜೆಯೊಳಗೆ ಕಟ್ಟು ಖಾಲಿ, ಆಮೇಲೆ ಕಾಲೂ ಇಲ್ಲ. ಆ ಕ್ಷಣ ಪುಸ್ತಕದ ಮಾತು ಬಾಯಿಗೆ ಬರಲಿಲ್ಲ, ನಮ್ಮೂರಿನ ಮಾತೇ ಬಂತು. "ಬಲೆ ಒಂದ್ ಬದಿ ಹರದ್ರೆ ಹೊಲಿತ್ರ್ಯಾ, ಇಡೀ ಬಲೆ ಬಿಸಾಡ್ತ್ರ್ಯಾ?" ಎಂದು ಕೇಳಿದೆ. ಇದಕ್ಕೆ ತಪ್ಪು ಕಾಣಿಕೆ ಇಲ್ಲ, ಮನೆಗೆ ಹೋಗಿ ಇವತ್ತು ನಾಲ್ಕು ಸಲ ಹಗ್ಗ ಎಳೆಯಿರಿ, ಅಷ್ಟೇ ಎಂದೆ. ಅವನು ಎದ್ದು ಮನೆಗೆ ಹೋದ. ನನಗೆ ಗೊತ್ತಿರುವ ಮಟ್ಟಿಗೆ ಅದೇ ಅವನ ಕೊನೆಯ ಬೀಡಿ.

ನವರಾತ್ರಿ ಕಳೆಯುವಷ್ಟರಲ್ಲಿ ಗಾಯ ಮಾಗಿತ್ತು. ಪಾದ ಮುಟ್ಟಿದರೆ ಬೆಚ್ಚಗಿತ್ತು. ಸರ್ಜನ್ ಇನ್ನು ಕಾಲಿಗೆ ಅಪಾಯವಿಲ್ಲ ಎಂದು ಬರೆದರು. ನವೆಂಬರಿನಲ್ಲಿ ಶೀನ ನಾಲ್ಕು ಬೆರಳಿನ ಎಡಗಾಲನ್ನು ದೋಣಿಯ ಮೇಲಿಟ್ಟ. ನಾನು ಕೇಸ್ ಶೀಟಿನಲ್ಲಿ, ರೋಗಿ ಸ್ವಪ್ರಯತ್ನದಿಂದ ತಂಬಾಕು ಸಂಪೂರ್ಣ ತ್ಯಜಿಸಿದ್ದಾರೆ ಎಂದು ಬರೆದು ಹೆಮ್ಮೆಯಿಂದ ಸಹಿ ಹಾಕಿದೆ.

ಇದನ್ನು ಓದಿ ಯಾರೂ ಸಂಮೋಹನ ಎಲ್ಲರಿಗೂ ರಾಮಬಾಣ ಎಂದುಕೊಳ್ಳಬಾರದು. ಸರ್ಜನ್ನರ ಕೈಯೂ ಮಾತ್ರೆಗಳೂ ಇಲ್ಲದಿದ್ದರೆ ಶೀನನ ಕಥೆ ಬೇರೆಯಾಗುತ್ತಿತ್ತು. ಆಮೇಲೆ ಹಲವರಿಗೆ ಕಲಿಸಿದೆ. ಬಿಜೂರಿನ ರೈತರೊಬ್ಬರು ಗದ್ದೆಯಂಚಿನಲ್ಲಿ ನೀರು ಕಟ್ಟುವುದನ್ನು ನೆನೆಸಿಕೊಂಡೇ ಬಿಟ್ಟರು. ಕೆರಾಡಿಯ ಒಬ್ಬರಿಗೆ ಏನು ಮಾಡಿದರೂ ಫಲಿಸಲಿಲ್ಲ. ಅವರ ಎರಡು ಬೆರಳು ಹೋದದ್ದು ನನಗೆ ಈಗಲೂ ನೋವಿನ ನೆನಪು.

2012ರಲ್ಲಿ ನಾನು ನಿವೃತ್ತನಾದ ದಿನ ಶೀನ ಆಸ್ಪತ್ರೆಗೆ ಬಂದ. ಎರಡು ಕಾಲಿಗೂ ಚಪ್ಪಲಿ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಆ ಕ್ಯಾಸೆಟ್ಟನ್ನು ನನ್ನ ಕೈಯಲ್ಲಿಟ್ಟು, ಇನ್ನು ತನಗೆ ಬೇಡ, ಮನಸ್ಸಿನಲ್ಲೇ ಇದೆ ಎಂದ. ಮನೆಯ ಅಟ್ಟದಿಂದ ಹಳೆಯ ಟೇಪ್ ರೆಕಾರ್ಡರ್ ಇಳಿಸಿ ಹಾಕಿ ಕೇಳಿದೆ. ಒಂಬತ್ತು ವರ್ಷದಲ್ಲಿ ನಾನು ಅದನ್ನು ಕೇಳಿರಲೇ ಇಲ್ಲ.

ಮೊದಲು ಹಂಚಿನ ಮೇಲೆ ಸುರಿಯುವ ಮಳೆ. ಅದರೊಳಗೆ ಕಚಕ್ ಕಚಕ್ ಎಂಬ ಸದ್ದು. ಕಿವಿಗೊಟ್ಟಾಗ ತಿಳಿಯಿತು, ಗುಲಾಬಿಯ ಕತ್ತರಿ. ಬೀಡಿಯೆಲೆ ಕತ್ತರಿಸುತ್ತಿದ್ದಳು. ಶೀನ ಒಮ್ಮೆ ಕೆಮ್ಮಿ ಶುರುಮಾಡಲು ಹೋಗಿ ತಡವರಿಸಿದ. ಕತ್ತರಿ ನಿಂತಿತು. ಗುಲಾಬಿಯ ತಗ್ಗಿದ ಸ್ವರ: "ಇನ್ ಹೇಳಿ. ಕತ್ರಿ ಕೆಳ್ಗಿಟ್ಟೆ."

ಆಮೇಲೆ ಹದಿನೈದು ನಿಮಿಷ ಅವನ ಸ್ವರ ಮತ್ತು ಮಳೆ ಮಾತ್ರ. ಐವತ್ತನೆಯ ಹೆಜ್ಜೆ ಮುಗಿದ ಮೇಲೆ ಮತ್ತೆ ಕಚಕ್ ಕಚಕ್.

ತಡೆಯಲಾರದೆ ಶೀನನಿಗೆ ಫೋನ್ ಮಾಡಿದೆ. ರೆಕಾರ್ಡ್ ಮಾಡಿದ ದಿನ ಮಾತ್ರ ಹಾಗೆ ನಿಲ್ಲಿಸಿದ್ದಳೋ ಎಂದು ಕೇಳಿದೆ. ಇಲ್ಲ, ಪ್ರತಿ ದಿನ, ಎರಡು ಸಲವೂ. ಮೊರವನ್ನು ಒಳಗಿಟ್ಟು ಬಂದು ಅವನ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದಳಂತೆ. ಎಣಿಸಿ ಕೊಟ್ಟಷ್ಟೇ ಕೂಲಿ ಸಿಗುವ ಕೆಲಸದಲ್ಲಿ ದಿನಕ್ಕೆ ಅರ್ಧ ಗಂಟೆ. ನನಗೆ ಯಾಕೆ ಹೇಳಲಿಲ್ಲ ಎಂದೆ. ಹೇಳುವಂಥದ್ದು ಏನಿದೆ ಎಂಬಂತೆ ಅವನು ನಕ್ಕ.

"ರಂಪಣಿ ಒಬ್ನೇ ಎಳುಕಾತ್ತಾ ಡಾಕ್ಟ್ರೇ? ಅವ್ಳೂ ಒಟ್ಟಿಗ್ ಎಳಿತಿದ್ಲ್."

ರೋಗಿಯ ನೆಮ್ಮದಿಯ ಜಾಗ ಯಾವುದೆಂದು ರೋಗಿಯನ್ನೇ ಕೇಳಬೇಕು ಎಂಬುದನ್ನು ವೃತ್ತಿ ನನಗೆ ಬೇಗ ಕಲಿಸಿತು. ಅವನ ಪಕ್ಕದಲ್ಲಿ ಯಾರು ಕೂತಿದ್ದಾರೆ ಎಂದು ಕೇಳುವುದನ್ನು ಕಲಿಸುವಷ್ಟರಲ್ಲಿ ನಾನು ನಿವೃತ್ತನಾಗಿದ್ದೆ. ಆ ಹಳೆಯ ಕೇಸ್ ಶೀಟು ಈಗ ಎಲ್ಲಿದೆಯೋ ಗೊತ್ತಿಲ್ಲ. ಸಿಕ್ಕರೆ ಸ್ವಪ್ರಯತ್ನ ಎಂಬ ಮಾತನ್ನು ಹೊಡೆದುಹಾಕಿ, ಅಲ್ಲಿ ಗುಲಾಬಿಯ ಹೆಸರನ್ನೂ ಬರೆಯಬೇಕೆಂದಿದ್ದೇನೆ.