ಮಗ್ಗದ ಗುಂಡಿಯ ನೀರು

ಮಳೆಗಾಲದಲ್ಲಿ ನಮ್ಮ ಮನೆಗೆ ನೀರು ನೆಲದೊಳಗಿಂದ ಬರುತ್ತದೆ ಎಂದರೆ ನನ್ನ ತವರು ಮಾಂಬಳ್ಳಿಯವರು ನಗುತ್ತಾರೆ. ಅವರಿಗೆ ನೀರೆಂದರೆ ಗದ್ದೆಗೆ ಬರುವಂಥದ್ದು. ಕೊಳ್ಳೇಗಾಲದ ನೇಕಾರರ ಮನೆಯನ್ನು ಅವರು ಸರಿಯಾಗಿ ನೋಡಿಯೇ ಇಲ್ಲ. ಇಲ್ಲಿ ನಡುಮನೆಯ ನೆಲದಲ್ಲಿ ಒಂದು ಗುಂಡಿ ಇರುತ್ತದೆ. ನೇಯುವವರು ಅದರ ಅಂಚಿನಲ್ಲಿ ಕೂತು ಕಾಲನ್ನು ಒಳಗೆ ಇಳಿಬಿಟ್ಟು ಮಗ್ಗದ ಹಲಗೆ ತುಳಿಯುತ್ತಾರೆ. ನಮ್ಮ ಯಜಮಾನರು ಬುದ್ಧಿ ಬಂದಾಗಿನಿಂದ ಕೂತಿರುವುದು ಅಲ್ಲೇ. ಪಕ್ಕದ ಮನೆಯಲ್ಲಿ ಅವರ ಅಣ್ಣ, ಅಂದರೆ ನನ್ನ ಭಾವ, ಅಂಥದೇ ಗುಂಡಿಯಲ್ಲಿ ಕೂರುತ್ತಿದ್ದರು. ಎರಡು ಮಗ್ಗಗಳ ನಡುವೆ ಇರುವುದು ಒಂದೇ ಗೋಡೆ.

ಊರಿನ ಮೇಲುಗಡೆ ಕೆರೆಯಿದೆ. ಅದು ಕೋಡಿ ಬಿದ್ದರೆ ಹೆಚ್ಚಾದ ನೀರು ನಮ್ಮ ಬೀದಿಯ ಹಿಂದಿನ ಕಾಲುವೆಯಲ್ಲಿ ಹರಿದು ಗದ್ದೆಬಯಲಿಗೆ ಹೋಗುತ್ತಿತ್ತು. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಮಳೆಗಾಲಕ್ಕೆ ಮುಂಚೆ ಮನೆಗೊಂದಾಳು ಗುದ್ದಲಿ ಹಿಡಿದು ಹೋಗಿ ಅದರ ಹೂಳೆತ್ತುತ್ತಿದ್ದರು. ಆಮೇಲೆ ಗದ್ದೆಬಯಲು ಬಡಾವಣೆಯಾಯಿತು, ಕಾಲುವೆಯ ಕೊನೆಗೆ ಅಡ್ಡವಾಗಿ ಮನೆಗಳೆದ್ದವು. ಕಾಲುವೆಯ ಮೇಲೆ ಚಪ್ಪಡಿ ಎಳೆದರು. ಆ ಚಪ್ಪಡಿಯ ಮೇಲೆ ನಾವು ಬೈಕು ನಿಲ್ಲಿಸಿದೆವು, ಸಂಡಿಗೆ ಒಣಗಿಸಿದೆವು. ಸುಳ್ಳು ಯಾಕೆ ಹೇಳಲಿ, ಸೊಳ್ಳೆ ಕಾಟ ತಪ್ಪಿತೆಂದು ನಮಗೆಲ್ಲ ಖುಷಿಯೇ ಆಗಿತ್ತು. ಬೀದಿಗೆ ಕಾಂಕ್ರೀಟಿನ ಮೇಲೆ ಕಾಂಕ್ರೀಟು ಬಿದ್ದು, ನಮ್ಮ ಹೊಸ್ತಿಲು ರಸ್ತೆಗಿಂತ ತಗ್ಗಾಯಿತು.

ಹರಿಯಲು ದಾರಿಯಿಲ್ಲದ ನೀರು ಮಗ್ಗದ ಗುಂಡಿಗಳಲ್ಲಿ ಎದ್ದಿತು. ರೇಷ್ಮೆ ನೂಲಿಗೆ ತೇವ ಆಗಿಬರುವುದಿಲ್ಲ, ಎಳೆಗೆ ಎಳೆ ಅಂಟಿಕೊಳ್ಳುತ್ತದೆ. ಬೀದಿಯ ಮೇಲುತುದಿಯವರು ಗುಂಡಿಗೆ ಮಣ್ಣು ತುಂಬಿಸಿ ಟೈಲ್ಸ್ ಹಾಕಿಸಿದರು. ಅವರ ನೆಲ ಒಣಗಿತು, ಪಕ್ಕದ ಮನೆಯ ಗುಂಡಿಯಲ್ಲಿ ನೀರು ಏರಿತು. ಅವರೂ ಮುಚ್ಚಿಸಿದರು. ಆಮೇಲೆ ಅದರ ಪಕ್ಕದವರು. ಗುಂಡಿ ಮುಚ್ಚಿಸಿದವರಲ್ಲಿ ಒಬ್ಬರು ಆಟೋ ಓಡಿಸುತ್ತಾರೆ, ಇನ್ನೊಬ್ಬರು ಕಲ್ಯಾಣಮಂಟಪದಲ್ಲಿ ವಾಚ್‌ಮನ್. ಅವರನ್ನು ಬೈದು ಏನು ಪ್ರಯೋಜನ, ಮಲಗುವುದಕ್ಕೆ ಒಣ ನೆಲ ಎಲ್ಲರಿಗೂ ಬೇಕು. ಕೊನೆಗೆ ಬೀದಿಯಲ್ಲಿ ಉಳಿದದ್ದು ಎರಡೇ ಗುಂಡಿ, ಭಾವನದು ಮತ್ತು ನಮ್ಮದು. ಒಬ್ಬರು ಮುಚ್ಚಿದರೆ ಇನ್ನೊಬ್ಬರ ಮಗ್ಗ ಮುಳುಗುತ್ತದೆಂದು ಅಣ್ಣತಮ್ಮ ಇಬ್ಬರೂ ಮುಚ್ಚಿಸದೆ ನೇಯುತ್ತಿದ್ದರು.

ಕಳೆದ ಮಳೆಗಾಲದಲ್ಲಿ ನಮ್ಮ ಯಜಮಾನರು ಗುಂಡಿಗೆ ಮೋಟರ್ ಇಳಿಸಿ ಪೈಪನ್ನು ಬೀದಿಗೆ ಬಿಟ್ಟರು. ಆ ನೀರು ಇಳಿಜಾರಿನಲ್ಲಿ ಹೋಗಿ ಭಾವನ ಹೊಸ್ತಿಲು ದಾಟಿ ಅವರ ಗುಂಡಿಗೆ ಬಿತ್ತು. ಅವರು ತಮ್ಮ ಮೋಟರ್ ಹಚ್ಚಿ ಹಿತ್ತಲಿಗೆ ಬಿಟ್ಟರು. ಹಿತ್ತಲಲ್ಲಿ ನಿಂತದ್ದು ಗೋಡೆಯಡಿಯಲ್ಲಿ ಇಂಗಿ ತಿರುಗಿ ನಮ್ಮ ಗುಂಡಿಗೇ ಬಂತು. ಇಬ್ಬರೂ ದಿನವಿಡೀ ಒಂದೇ ನೀರನ್ನು ಸುತ್ತಿಸುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಯಜಮಾನರು ಆ ದಿನ ನನ್ನ ಕೈಯಿಂದ ಕಾಫಿ ಕುಡಿಯಲಿಲ್ಲ.

ನಗರಸಭೆಗೆ ಅರ್ಜಿ ಕೊಟ್ಟ ಮೇಲೆ ಒಬ್ಬ ಇಂಜಿನಿಯರ್ ಬಂದರು. ಒಳ್ಳೆಯ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟೇ ಮಗ್ಗದ ಹತ್ತಿರ ಬಂದರು. ಕಾಲುವೆ ಬಿಡಿಸಬೇಕಾದರೆ ಬಡಾವಣೆಯ ಮನೆಗಳನ್ನು ಒಡೆಯಬೇಕು, ಅದು ಆಗುವ ಮಾತಲ್ಲ, ನೀವೇ ಗುಂಡಿ ಮುಚ್ಚಿಸಿಬಿಡಿ ಎಂದರು. ಅವರ ಮೇಲೆ ರೇಗಲೂ ನನಗೆ ಆಗಲಿಲ್ಲ. ಆ ಬಡಾವಣೆಯಲ್ಲಿ ನನ್ನ ಸ್ವಂತ ತಂಗಿಯ ಮನೆಯೂ ಇದೆ.

ಈ ಸಲ ಮಳೆ ಹಿಡಿದ ಹೊತ್ತಿಗೆ ಭಾವನ ಮಗಳು ಬಾಣಂತನಕ್ಕೆ ಬಂದಿದ್ದಳು. ಒಂದು ಬೆಳಿಗ್ಗೆ ಭಾವ ನಮ್ಮ ಬಾಗಿಲಿಗೆ ಬಂದರು, ಒಳಗೆ ಕರೆದರೂ ಬರಲಿಲ್ಲ.

"ನಾಳೀಕೆ ಗುಂಡಿ ಮುಚ್ಚುಸ್ತಿವ್ನಿ ಕಣ್ಲಾ. ಕೂಸ್ಗೆ ತಂಡಿ ಆಗ್ಬುಟ್ಟದೆ. ನೀರೆಲ್ಲ ನಿನ್ ಕಡೀಕೇ ಬತ್ತದೆ, ಗೊತ್ತು. ಏನ್ಲಾ ಮಾಡಾದು?"

ನಮ್ಮ ಯಜಮಾನರು ಲಾಳಿಯನ್ನು ಕೆಳಗಿಟ್ಟರು. "ಮುಚ್ಚುಸಣ್ಣ. ಕೂಸಿರೋ ಮನೆ," ಎಂದರು.

ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಎಂದು ಕೇಳಿದರೆ ಹೇಳಲು ಹೆಸರಿಲ್ಲ. ಎಣ್ಣೆ ಹಚ್ಚಿಸಿಕೊಂಡು ಮಲಗುವ ಆ ಕೂಸಿನ ಮೇಲೆ ಕೋಪ ಮಾಡಿಕೊಳ್ಳಲೇ? ಮಾರನೆಯ ದಿನ ಯಜಮಾನರೇ ಹೋಗಿ, ಅಣ್ಣನ ಗುಂಡಿಗೆ ಬಾಂಡ್ಲಿಯಲ್ಲಿ ಜಲ್ಲಿ ಹೊತ್ತು ಸುರಿದರು. ಭಾವ ಆ ಕಡೆ ನೋಡಲಾರದೆ ಬೀದಿಯಲ್ಲಿ ನಿಂತಿದ್ದರು. ಕಲಸಿದ್ದು ಮಿಕ್ಕಿದೆ, ನಿಮ್ಮದನ್ನೂ ಮುಚ್ಚಿಬಿಡಲೇ ಎಂದು ಗಾರೆಯವನು ಕೇಳಿದ. ಮಗ್ಗದ ಮೇಲೆ ಸೀರೆ ಅರ್ಧದಲ್ಲಿದೆ ಎಂದು ಹೇಳಿ ಯಜಮಾನರು ಕೈಕಾಲು ತೊಳೆದುಕೊಂಡರು.

ಮರುದಿನ ನೀರು ತುಳಿಯುವ ಹಲಗೆಗಳ ಮೇಲೆ ಬಂದಿತ್ತು. ಅವರು ಪಂಚೆ ಮೇಲೆತ್ತಿ ಕಟ್ಟಿ ಅದರಲ್ಲೇ ಕಾಲಿಟ್ಟು ಕೂತರು. ತುಳಿದಾಗಲೆಲ್ಲ ನೀರು ಚಿಮ್ಮಿ ನೂಲಿಗೆ ತಾಗುತ್ತಿತ್ತು. ನೋಡಲಾರದೆ ನಾನು ಬಕೆಟ್ ತಂದು ಅವರ ಕಾಲ ಪಕ್ಕದಿಂದ ತುಂಬಿಕೊಂಡು ಹೊರಬಾಗಿಲಿಗೆ ಹೋದೆ. ಬೀದಿಗೆ ಚೆಲ್ಲಿದರೆ ಬಾಣಂತಿಯ ಹೊಸ್ತಿಲಿಗೆ ಹೋಗುತ್ತದೆ. ಹಿತ್ತಲಿಗೆ ಚೆಲ್ಲಿದರೆ ಗುಂಡಿಗೇ ಬರುತ್ತದೆ. ಹೊಸ್ತಿಲಲ್ಲೇ ನಿಂತೆ.

"ಚೆಲ್ದಾ ಅಮ್ಮಿ?" ಎಂದು ಯಜಮಾನರು ಒಳಗಿನಿಂದ ಕೇಳಿದರು.

ಚೆಲ್ಲಿದೆ ಎಂದೆ. ತುಂಬಿದ ಬಕೆಟ್ ಕೈಯಲ್ಲೇ ಇತ್ತು.