ಮೈಕಣ್ಣನ ಒಂದು ಪ್ರಶ್ನೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಖಾಲಿ ಸಭಾಂಗಣದ ಹತ್ತೊಂಬತ್ತು ಸಾಲುಗಳ ನಡುವೆ ಒಬ್ಬರು ಮೈಕ್ ಹಿಡಿದು ನಡೆಯುತ್ತಿದ್ದಾರೆ. ಪ್ರತಿ ಸಾಲಿನಲ್ಲೂ ನಿಂತು, ಅದನ್ನು ಬೆರಳಿನಿಂದ ತಟ್ಟಿ, ಗೋಡೆಯ ಸ್ಪೀಕರಿಗೆ ಕಿವಿಗೊಡುತ್ತಾರೆ. ಮಾತನಾಡುವುದಿಲ್ಲ.

ಸಭಿಕರು ಪ್ರಶ್ನೆ ಕೇಳುವಾಗ ಅವರ ಬಳಿಗೆ ಮೈಕ್ ಒಯ್ಯುವುದು ಇವರ ಕೆಲಸ. ಇಪ್ಪತ್ತಾರು ವರ್ಷಗಳಿಂದ ಎಲ್ಲರಿಗೂ ಇವರು ಮೈಕಣ್ಣ. ವಾರಕ್ಕೆ ನಾಲ್ಕೈದು ಸಭೆ, ಸಭೆಗೆ ಹತ್ತು ಹನ್ನೆರಡು ಪ್ರಶ್ನೆ. ಓಡಾಡಿ ಓಡಾಡಿ ಒಂದು ಮೊಣಕಾಲು ಸವೆದಿದೆ. ಮೈಕನ್ನು ಮಾತ್ರ ಯಾರ ಕೈಗೂ ಕೊಡುವುದಿಲ್ಲ, ತಾವೇ ಹಿಡಿದು ನಿಲ್ಲುತ್ತಾರೆ. "ಕೈಗೆ ಕೊಟ್ರೆ ಮುಗೀತು. ಪ್ರಶ್ನೆ ಕೇಳಿ ಅಂದ್ರೆ ಹುಟ್ಟಿದ ದಿನದಿಂದ ಶುರು ಮಾಡ್ತಾರೆ."

ಇಂದು ಚಿತ್ರ ಬರೆಯುವ, ಸಿನಿಮಾವನ್ನೂ ಮಾಡುವ ಕಲಾವಿದೆಯೊಬ್ಬರ ಉಪನ್ಯಾಸ. ನಿನ್ನೆ ಅವರ ಸಿನಿಮಾ ಇಲ್ಲೇ ನಡೆಯಿತು. ಮೈಕಣ್ಣ ಬಾಗಿಲ ಬಳಿ ನಿಂತು ಪೂರ್ತಿ ನೋಡಿದ್ದಾರೆ; ಹೊರಗೆ ಗೋಡೆಗೆ ಹಾಕಿರುವ ಅವರ ಚಿತ್ರವನ್ನೂ ನೋಡಿದ್ದಾರೆ. ಆಗಿನಿಂದ ಒಂದು ಪ್ರಶ್ನೆ ಕಾಡುತ್ತಿದೆ. ಇಷ್ಟು ವರ್ಷದಲ್ಲಿ ತಮ್ಮದೆಂದು ಒಂದು ಪ್ರಶ್ನೆ ಕೇಳಿದವರಲ್ಲ.

"ನಿನ್ನೆಯಿಂದ ನನ್ನ ತಲೆ ತಿಂತಿದ್ದಾರೆ," ಎನ್ನುತ್ತಾರೆ ಇಲ್ಲೇ ಚಹಾ ಮಾಡುವ ಅವರ ಹೆಂಡತಿ. "ನಂಗೇನು ಗೊತ್ತು? ಅವರನ್ನೇ ಕೇಳಿ ಅಂದೆ."

"ಕೆಲಸದವನು ಕೇಳಬಹುದೇನೇ?"

"ಬಾಯಿ ಇರೋರೆಲ್ಲ ಕೇಳಬಹುದು."

ಸಭೆ ತುಂಬಿದೆ. ಎಂಟು ಪ್ರಶ್ನೆಗಳಾದ ಮೇಲೆ ನಿರೂಪಕರು ಕೊನೆಯದೊಂದು ಎನ್ನುತ್ತಾರೆ. ಹಿಂದಿನ ಸಾಲಿನಿಂದ ಮೈಕಣ್ಣ ತಮ್ಮದೇ ಕೈ ಎತ್ತುತ್ತಾರೆ. ಕಲಾವಿದೆ ಕೇಳಿ ಎಂಬಂತೆ ತಲೆಯಾಡಿಸುತ್ತಾರೆ. ಮೈಕಣ್ಣನ ತುಟಿ ಅಲುಗುತ್ತದೆ, ದನಿ ಮಾತ್ರ ಕೇಳಿಸುವುದಿಲ್ಲ. ಹಳೆಯ ಅಭ್ಯಾಸದ ಕೈ ಮೈಕನ್ನು ಪಕ್ಕದಲ್ಲಿ ಕೂತ ಅಜ್ಜಿಯ ಬಾಯಿಗೆ ಹಿಡಿದಿದೆ.

"ನಂದೇನೂ ಇಲ್ಲಪ್ಪ," ಎಂಬ ಅಜ್ಜಿಯ ಮಾತು ಸಭಾಂಗಣಕ್ಕೆಲ್ಲ ಕೇಳಿಸಿ ಜನ ನಗುತ್ತಾರೆ. ಕಲಾವಿದೆಯೇ ವೇದಿಕೆಯಿಂದ ಇಳಿದು ಬಂದು, ಮೈಕ್ ತೆಗೆದುಕೊಂಡು ಅವರ ಬಾಯಿಯ ಹತ್ತಿರ ಹಿಡಿಯುತ್ತಾರೆ. "ಈಗ ಕೇಳಿ, ಅಣ್ಣ."

"ಸಿನಿಮಾದಲ್ಲಿ ಆ ತಾಯಿ ಕಿಟಕಿ ಮುಚ್ಚಿ ಹೋಗ್ತಾರೆ. ಹೊರಗೆ ಹಾಕಿರೋ ನಿಮ್ಮ ಚಿತ್ರದಲ್ಲಿ ಅದೇ ಕಿಟಕಿ ತೆರೆದಿದೆ. ಯಾಕಮ್ಮಾ?"

ಕಲಾವಿದೆ ಮೈಕನ್ನು ತಮ್ಮತ್ತ ತಿರುಗಿಸಿಕೊಳ್ಳುತ್ತಾರೆ. "ಅದು ನಮ್ಮಮ್ಮನ ಕಿಟಕಿ. ಸಿನಿಮಾದಲ್ಲಿ ನಡೆದದ್ದನ್ನ ನಡೆದ ಹಾಗೇ ತೋರಿಸ್ದೆ. ಆಮೇಲೆ ಮನಸ್ಸು ತಡೀಲಿಲ್ಲ, ಚಿತ್ರದಲ್ಲಿ ತೆರೆದೆ. ಇದನ್ನ ಇವತ್ತಿನವರೆಗೆ ಯಾರೂ ಕೇಳಿರಲಿಲ್ಲ."

ದೇವರು ಕೆಲವು ಮಾತುಗಳನ್ನು ಇಂಥವರ ಬಾಯಿಂದಲೇ ಕೇಳಿಸುತ್ತಾನೆ. ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯುತ್ತದೆ.

ಜನ ಹೋದ ಮೇಲೆ ಮೈಕಣ್ಣ ಮೈಕಿನ ಬ್ಯಾಟರಿ ತೆಗೆಯುತ್ತಿದ್ದಾರೆ. ಹೆಂಡತಿ ಚಹಾ ತರುತ್ತಾರೆ. "ಇನ್ನು ದಿನಾ ಕೈ ಎತ್ತುತ್ತೀರೇನೋ."

"ಒಂದು ಸಾಕು," ಎನ್ನುತ್ತಾರೆ ಮೈಕಣ್ಣ. ಒಂದು ಗುಟುಕು ಕುಡಿದು ಮುಖ ಅರಳಿಸುತ್ತಾರೆ. "ಆದ್ರೆ ನೋಡಿದ್ಯಾ, ಮೂರೇ ಮಾತಲ್ಲಿ ಮುಗಿಸ್ದೆ. ಒಂದೂ ಹೆಚ್ಚಿಲ್ಲ."