ಬುಧವಾರದ ಸಕ್ಕರೆ

ನಮ್ಮ ಅವ್ವನಿಗೆ ಸಕ್ಕರೆ ಕಾಯಿಲೆ ಬಂದಾಗ ಮನೆಯಲ್ಲಿ ಯಾರೂ ಅಷ್ಟೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಓಣಿಯಲ್ಲಿ ಅರ್ಧ ಮಂದಿಗೆ ಇದ್ದದ್ದು ಅವಳಿಗೂ ಬಂತು, ಅಷ್ಟೇ. ಆದರೆ ಆ ಕಾಯಿಲೆಯ ನೆಪದಿಂದ ಒಬ್ಬ ಹುಡುಗಿ ನಮ್ಮ ಮನೆಗೆ ಬರತೊಡಗಿದಾಗ ಅವ್ವ ಹತ್ತು ವರ್ಷ ಚಿಕ್ಕವಳಾದಳು.

ನಮ್ಮ ಊರು ಧಾರವಾಡದಿಂದ ಅಮ್ಮಿನಬಾವಿ ಕಡೆಗೆ ಹೋಗುವ ಬಸ್ಸಿನ ದಾರಿಯಲ್ಲಿದೆ. ನಾನು ಅದೇ ಬಸ್ಸು ಹಿಡಿದು ದಿನಾ ಧಾರವಾಡದ ಒಂದು ಹೈಸ್ಕೂಲಿಗೆ ಕನ್ನಡ ಕಲಿಸಲು ಹೋಗುತ್ತೇನೆ. ಬೆಳಿಗ್ಗೆ ಹೋದವನು ಸಂಜೆಗೇ ವಾಪಸ್ಸು. ಹಾಗಾಗಿ ಆ ಹುಡುಗಿಯ ವಿಷಯ ನನಗೆ ಮೊದಲು ಗೊತ್ತಾದದ್ದೆಲ್ಲ ಅವ್ವ ಸಂಜೆ ಕಟ್ಟೆಯ ಮೇಲೆ ಕೂತು ಕೊಡುತ್ತಿದ್ದ ವರದಿಯಿಂದ. ಮೆಡಿಕಲ್ ಓದುವವರಿಗೆ ಮೊದಮೊದಲ ವರ್ಷಗಳಲ್ಲೇ ತಮಗೆ ಬೇಕಾದ ಒಂದು ವಿಷಯ ಆರಿಸಿಕೊಳ್ಳುವ ಅವಕಾಶ ಇರುತ್ತದಂತೆ. ಹೆಚ್ಚಿನವರು ಹೃದಯ, ಮೆದುಳು ಎಂದು ದೊಡ್ಡ ದೊಡ್ಡದನ್ನೇ ಬರೆದುಕೊಟ್ಟು ಹುಬ್ಬಳ್ಳಿಯ ಆಸ್ಪತ್ರೆಯಲ್ಲೇ ಉಳಿಯುತ್ತಾರೆ. ಕೆಲವರು ಮಾತ್ರ ಹಳ್ಳಿಯ ಆರೋಗ್ಯ ಎಂದು ಆರಿಸಿಕೊಂಡು ಬಸ್ಸು ಹತ್ತುತ್ತಾರೆ. ಅಂಥವರಿಗೆ ಒಬ್ಬೊಬ್ಬರಿಗೆ ಒಂದೊಂದು ಮನೆ ಹಂಚುತ್ತಾರೆ. ವಾರಕ್ಕೊಮ್ಮೆ ಬಂದು ಆ ಮನೆಯವರ ಬಿಪಿ, ಸಕ್ಕರೆ ನೋಡಬೇಕು, ಊಟ ನಿದ್ದೆ ವಿಚಾರಿಸಬೇಕು, ಹೋಗಿ ಆರೋಗ್ಯ ಕೇಂದ್ರದ ಡಾಕ್ಟರಿಗೆ ಹೇಳಬೇಕು. ನಮ್ಮ ಮನೆ ಬಂದದ್ದು ತುಮಕೂರಿನ ಕಡೆಯ ಈ ಹುಡುಗಿಯ ಪಾಲಿಗೆ. ಅವಳ ವಾರ ಬುಧವಾರ.

ಮೊದಲ ದಿನ ಅವಳು ಅವ್ವನನ್ನು 'ಅಜ್ಜಿ' ಎಂದಳಂತೆ. ಅಜ್ಜಿ ಅನ್ನಬ್ಯಾಡ, ಆಯಿ ಅನ್ನು ಎಂದು ಅವ್ವ ಅಲ್ಲಿಯೇ ತಿದ್ದಿದಳು. ಎರಡು ಬುಧವಾರ ಕಳೆಯುವುದರಲ್ಲಿ ಹುಡುಗಿ 'ಹೌದ್ರಿ ಆಯಿ', 'ಬರ್ರಿ ಆಯಿ' ಎಂದು ನಮ್ಮ ಮಾತನ್ನು ತನ್ನ ರಾಗದಲ್ಲಿ ಆಡಲು ಕಲಿತಿದ್ದಳು. ರಜೆಯಿದ್ದ ಒಂದು ದಿನ ನಾನೇ ನೋಡಿದೆ. ಬಂದವಳೇ ಚಪ್ಪಲಿ ಬಿಟ್ಟು ನೇರ ಅಡುಗೆ ಮನೆಗೆ ಹೋಗಿ, ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿಯ ಪಕ್ಕ ನೆಲದ ಮೇಲೆ ಕೂತಳು. ಅವ್ವನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಹಿಮ್ಮಡಿಯ ಬಿರುಕು ನೋಡಿದಳು. ಡಾಕ್ಟರಾಗುವವಳು ಹೀಗೆ ಇನ್ನೊಬ್ಬರ ಕಾಲು ಹಿಡಿದು ಕೂತದ್ದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ.

ನಮ್ಮ ಊರಿಗೆ ಖಾಯಂ ಡಾಕ್ಟರು ಇಲ್ಲ. ಕೇಂದ್ರಕ್ಕೆ ಬರುವವರೂ ಬೇರೆ ಊರಿನ ಜವಾಬ್ದಾರಿ ಹೊತ್ತವರು, ಬಂದ ದಿನ ಬಂದರು. ಅದಕ್ಕೇ ಅವ್ವ ಆ ಹುಡುಗಿಯ ಮೇಲೆ ಕಣ್ಣಿಟ್ಟಳು. ಓದು ಮುಗಿದ ಮೇಲೆ ನೀನು ಇಲ್ಲಿಗೇ ಬರಬೇಕು, ಗುಡಿಯ ಎದುರಿನ ಮನೆಯನ್ನು ಬಾಡಿಗೆಗೆ ನಾನೇ ಹಿಡಿದುಕೊಡುತ್ತೇನೆ ಎಂದು ಪ್ರತಿ ವಾರ ಹೇಳುತ್ತಿದ್ದಳು. ಹುಡುಗಿ ಬಾಯಿಮಾತಿಗೆ ಹೂಂ ಅನ್ನುತ್ತಿದ್ದಳು ಎಂದೇ ನಾನು ತಿಳಿದಿದ್ದೆ. ಆದರೆ ಬಸ್ಸಿನಲ್ಲಿ ಒಮ್ಮೆ ಪಕ್ಕದಲ್ಲೇ ಸಿಕ್ಕಾಗ ಅವಳೇ ಹೇಳಿದಳು, ಕುಟುಂಬ ವೈದ್ಯೆಯಾಗಬೇಕೆಂದು ತೀರ್ಮಾನಿಸಿದ್ದೇನೆ, ಅಪ್ಪನಿಗೂ ಹೇಳಿ ಆಯಿತು, ಆಯಿಯ ಊರು ಆದರೂ ಆದೀತು ಎಂದು. ಅದನ್ನು ಅವ್ವನಿಗೆ ಹೇಳಿದಾಗ ಅವಳು ಇಡೀ ಓಣಿಗೆ ಸಾರಿ ಬಂದಳು. ಅಂದಿನಿಂದ ಓಣಿಯ ಹೆಂಗಸರೆಲ್ಲ ಅವಳನ್ನು 'ನಮ್ಮ ಡಾಕ್ಟರವ್ವ' ಎನ್ನತೊಡಗಿದರು.

ಇಷ್ಟರಲ್ಲಿ ಒಂದು ತೊಡಕು. ಅವ್ವನ ಸಕ್ಕರೆ ಇಳಿಯಲೊಲ್ಲದು. ಹುಡುಗಿ ಬೆರಳು ಚುಚ್ಚಿ ನೋಡಿದಾಗಲೆಲ್ಲ ಅಂಕಿ ಮೇಲೆಯೇ. ಸಿಹಿ ಬಿಟ್ಟಿದ್ದೀರಾ ಎಂದು ಕೇಳಿದರೆ ಅವ್ವ ಬಿಟ್ಟಿದ್ದೇನೆ ಎಂದು ಗಟ್ಟಿಯಾಗಿ ಹೇಳುತ್ತಿದ್ದಳು, ನಾವೂ ಸಾಕ್ಷಿ ನುಡಿಯುತ್ತಿದ್ದೆವು. ಮನೆಯಲ್ಲಿ ಹೋಳಿಗೆ ಮಾಡಿದ ದಿನವೂ ಅವಳು ಬರೀ ಕಟ್ಟಿನ ಸಾರು ಉಂಡು ಎದ್ದವಳು. ಹುಡುಗಿ ಬೇಸರ ಮಾಡಿಕೊಂಡು ಕೇಂದ್ರದ ಡಾಕ್ಟರಿಗೆ ಹೇಳಿದಳು. ಅವರು ಗುಳಿಗೆ ಹೆಚ್ಚಿಸಿದರು. ಮುಂದೆ ಮತ್ತೊಮ್ಮೆ ಹೆಚ್ಚಿಸಿದರು. ಅವ್ವ ಒಂದು ಹೊತ್ತೂ ತಪ್ಪಿಸದೆ ನುಂಗಿದಳು, ಏಕೆಂದರೆ ಹೇಳಿದ್ದು ಅವಳ ಡಾಕ್ಟರವ್ವ.

ಒಂದು ಭಾನುವಾರ ಬೆಳಿಗ್ಗೆ ಗುಳಿಗೆ ತೆಗೆದುಕೊಂಡ ಅವ್ವ, ನಾಷ್ಟಾ ಆಮೇಲೆ ಮಾಡಿದರಾಯಿತು ಎಂದು ಹಿತ್ತಲಿಗೆ ಹೋದಳು. ನಳದ ಹತ್ತಿರ ಮೈಯೆಲ್ಲ ಬೆವೆತು, ಕಣ್ಣು ಕತ್ತಲೆಗಟ್ಟಿ, ಕಲ್ಲಿನ ಮೇಲೆ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸಕ್ಕರೆ ತೀರಾ ಇಳಿದಿದೆ ಎಂದರು. ಇಳಿಯಲೊಲ್ಲದು ಎಂದು ಗೋಳಾಡುತ್ತಿದ್ದ ಸಕ್ಕರೆ! ಇಷ್ಟು ಗುಳಿಗೆ ಬರೆದವರು ಯಾರು ಎಂದು ಅಲ್ಲಿನ ಡಾಕ್ಟರು ನನ್ನ ಮೇಲೆಯೇ ರೇಗಿದರು. ನಾನೂ ಮನಸ್ಸಿನಲ್ಲೇ ಆ ಕಾಲೇಜಿಗೆ, ಕೇಂದ್ರಕ್ಕೆ, ಎಲ್ಲರಿಗೂ ಮಂಗಳಾರತಿ ಮಾಡುತ್ತ ನಿಂತಿದ್ದೆ.

ಮರುದಿನ ಹುಡುಗಿ ವಾರ್ಡಿಗೆ ಓಡಿಬಂದಳು. ಅವ್ವನ ಕೈ ಹಿಡಿದು ಕೂತು, ನನ್ನ ಹೆಂಡತಿಯನ್ನು ಬಿಡಿಸಿ ಬಿಡಿಸಿ ಕೇಳತೊಡಗಿದಳು. ಬೆಳಿಗ್ಗೆ ಏನು, ಮಧ್ಯಾಹ್ನ ಏನು, ಬುಧವಾರ ಏನು. ಬುಧವಾರದ ಮಾತು ಬಂದಾಗ ನನ್ನ ಹೆಂಡತಿ ತಲೆ ತಗ್ಗಿಸಿದಳು. ಆಗ ಎಲ್ಲ ಹೊರಬಂತು.

ನಮ್ಮ ಕಡೆ ಮನೆಗೆ ಬಂದವರಿಗೆ ಚಹಾ ಕೊಡದೆ ಕಳಿಸುವುದಿಲ್ಲ. ಕೊಟ್ಟು ತಾವು ಸುಮ್ಮನೆ ಕೂರುವುದೂ ಇಲ್ಲ. ಮನೆಯ ಹಿರಿಯರು ಜೊತೆಗೆ ಕುಡಿದರೇನೇ ಬಂದವರಿಗೆ ಸಂಕೋಚ ಹೋಗುವುದು. ಆಯಿಯ ಚಹಾಕ್ಕೆ ಸಕ್ಕರೆ ಹಾಕಬೇಡಿ ಎಂದು ಹುಡುಗಿ ಮೊದಲ ದಿನವೇ ಹೇಳಿದ್ದಳು, ನನ್ನ ಹೆಂಡತಿ ಹೂಂ ಎಂದಿದ್ದಳು. ಆದರೆ ಅವ್ವ ಒಳಗೆ ಬಂದು, ಬ್ಯಾರೆ ಕಾಸಬ್ಯಾಡ, ಒಂದೇ ಪಾತ್ರೆಯದು ತಾ ಎಂದಿದ್ದಳಂತೆ. ಪಾಕದಂಥ ನಮ್ಮ ಚಹಾ. ಅದರ ಮೇಲೆ, ಹುಡುಗಿ ಬರುತ್ತಾಳೆಂದು ಪ್ರತಿ ಬುಧವಾರ ಬೆಳಿಗ್ಗೆಯೇ ಶೇಂಗಾ ಉಂಡಿ ಕಟ್ಟುತ್ತ, ಬೆಲ್ಲ ಸಾಕಾಯಿತೋ ಇಲ್ಲವೋ ಎಂದು ಬಾಯಿಗೆ ಹಾಕಿಕೊಂಡು ನೋಡುತ್ತಿದ್ದದ್ದು ಬೇರೆ. ಅದೆಲ್ಲ ಮುಗಿದ ಮೇಲೆಯೇ ಬೆರಳು ಚುಚ್ಚಿಸಿಕೊಳ್ಳುವುದು. ಬಿಸಿಲಲ್ಲಿ ಬಂದ ಕೂಸು, ಮೊದಲು ಚಹಾ ಕುಡಿಯಲಿ, ಕೆಲಸ ಎಲ್ಲಿ ಓಡಿಹೋಗುತ್ತದೆ ಎಂದು.

ಉಳಿದ ದಿನ ಅವ್ವ ಸಕ್ಕರೆ ಮುಟ್ಟುತ್ತಿರಲಿಲ್ಲ. ಸಕ್ಕರೆ ಅಳೆಯುವ ಯಂತ್ರ ಮಾತ್ರ ಬುಧವಾರವನ್ನಷ್ಟೇ ನೋಡುತ್ತಿತ್ತು, ಗುಳಿಗೆ ಏಳೂ ದಿನಕ್ಕೆ ಏರುತ್ತಿತ್ತು.

ಯಾಕೆ ಹೇಳಲಿಲ್ಲ ಎಂದು ನಾನು ಅವ್ವನ ಮೇಲೆ ಹರಿಹಾಯ್ದೆ. ಅವಳಿಗೆ ನನ್ನ ಪ್ರಶ್ನೆಯೇ ತಿಳಿಯಲಿಲ್ಲ.

"ಬಂದವರ ಜೋಡಿ ಕುಡದದ್ದು ನಾ ಕುಡದಂಗೇನೋ? ಅದು ಅವರ ಸಲುವಾಗಿ ಕುಡದದ್ದು," ಎಂದಳು.

ಹುಡುಗಿ ಅಳಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು ಎಂದು ಈಗ ಅನ್ನಿಸುತ್ತದೆ. ಮಂಚದ ಸರಳು ಹಿಡಿದುಕೊಂಡು, ನಾನು ಬರದಿದ್ದರೆ ಆಯಿ ಚೆನ್ನಾಗಿರುತ್ತಿದ್ದರು ಎಂದು ಮೆಲ್ಲಗೆ ಹೇಳಿದಳು. ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಹಾಗೆಲ್ಲ ಅನ್ನಬೇಡಮ್ಮ ಎಂದೆ. ನನ್ನ ಮಾತು ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಹಳ್ಳಿಗೆ ಬರುವ ಅವರ ಆ ಕೋರ್ಸು ಅಲ್ಲಿಗೆ ಮುಗಿಯುವುದರಲ್ಲಿತ್ತು. ಮುಗಿಯಿತು. ಅವಳು ಫೋನು ಮಾಡುತ್ತಿದ್ದಳು, ಮನೆಗೆ ಬರಲಿಲ್ಲ.

ಅವ್ವ ವಾಕರ್ ಹಿಡಿದು ನಡೆಯಲು ಕಲಿತಳು. ಹೊಲ, ಗುಡಿ, ಓಣಿಯ ಹರಟೆ ಎಲ್ಲ ಕಟ್ಟೆಗೇ ಬಂದು ನಿಂತವು. ಅದರ ಬಗ್ಗೆ ಅವಳು ಗೊಣಗಿದ್ದನ್ನು ನಾನು ಕೇಳಿಲ್ಲ. ಅವಳು ಕೇಳುತ್ತಿದ್ದದ್ದು ಒಂದೇ, ಡಾಕ್ಟರವ್ವನ ಓದು ಎಲ್ಲಿಗೆ ಬಂತು.

ಹೋದ ತಿಂಗಳು ಅವ್ವನನ್ನು ತಪಾಸಣೆಗೆಂದು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿದ್ದೆ. ವರ್ಷಗಳು ಕಳೆದು ಹುಡುಗಿ ಈಗ ಅಲ್ಲೇ ಹೌಸ್ ಸರ್ಜನ್. ಬಿಳಿ ಕೋಟು, ಕಣ್ಣ ಕೆಳಗೆ ಕಪ್ಪು. ಅವ್ವನನ್ನು ಕಂಡು ಬಗ್ಗಿ ಪಾದ ಮುಟ್ಟಿದಳು. ಅವ್ವ ಕೂಡಲೇ ಕೇಳಿದ್ದು, ನಮ್ಮ ಊರಿಗೆ ಯಾವಾಗ ಬರುತ್ತಿ ಎಂದು. ಹುಡುಗಿ ನನ್ನ ಮುಖ ನೋಡಿದಳು. ಸ್ಕ್ಯಾನಿಂಗ್ ಓದಬೇಕು ಅಂದುಕೊಂಡಿದ್ದೇನೆ, ಕತ್ತಲೆ ಕೋಣೆಯಲ್ಲಿ ಕೂತು ಚಿತ್ರ ನೋಡಿ ವರದಿ ಬರೆಯುವ ಕೆಲಸ ಎಂದಳು.

"ಇನ್ನೊಬ್ಬರ ಮನೆ ಒಳಗೆ ಹೋಗೋ ಧೈರ್ಯ ನಂಗಿಲ್ಲ ಆಯಿ," ಎಂದಳು.

ನೀನು ಏನೂ ತಪ್ಪು ಮಾಡಿಲ್ಲ ಎಂದು ಅವ್ವ ಅವಳ ಗಲ್ಲ ಸವರಿ ಹೇಳಿದಳು. ಹುಡುಗಿ ನಕ್ಕಳು. ಯಾರೋ ಕರೆದರು, ಹೋದಳು. ಆ ಕೈ ಇನ್ನು ಯಾರ ಹಿಮ್ಮಡಿಯನ್ನೂ ಹಿಡಿಯುವುದಿಲ್ಲ.

ವಾಪಸ್ಸು ಬರುವಾಗ, ಹುಬ್ಬಳ್ಳಿಯ ನವನಗರ ದಾಟಿದ ಮೇಲೆ ಅವ್ವ ಸೊಂಟದ ಕೆಳಗೆ ಕೈಯಿಟ್ಟು ಸರಿದು ಕೂತಳು. ಕಾಲು ನೋಯುತ್ತಿದೆಯೇ ಎಂದು ಕೇಳಿದೆ.

"ಕಾಲು ನಂದು, ಹೋದ್ರ ಹೋಗ್ಲಿ," ಎಂದಳು. "ಊರಿಗೆ ಬರೂ ಡಾಕ್ಟರನ್ನ ನಾನ ಕೈಯಾರೆ ಕಳದ್ನಲ್ಲೋ. ಓಣ್ಯಾಗಿನ ಮಂದಿ ಕೇಳಿದ್ರ ಏನಂತ ಹೇಳ್ಲಿ?"

ಓಣಿಯವರಿಗೆ ಅವಳು ಇನ್ನೂ ಹೇಳಿಲ್ಲ. ಕಟ್ಟೆಯ ಮುಂದೆ ಹಾದು ಹೋಗುವವರು ನಮ್ಮ ಡಾಕ್ಟರವ್ವ ಯಾವಾಗ ಬರುತ್ತಾಳೆ ಎಂದು ಕೇಳಿದರೆ, ಓದಾಕತ್ತಾಳ ಎನ್ನುತ್ತಾಳೆ.